ತಿರುಪು ಗಟ್ಟಿಯಾಗಿದೆ, ನೋವು ಮಾತ್ರ ಹೋಗಿಲ್ಲ

(ಇಂಡಿ ತಾಲೂಕಿನ ಲಚ್ಯಾಣದಲ್ಲಿ ಮಾಡಿದ ಭಾಷಣದ ಬರಹ ರೂಪ)



ಲಚ್ಯಾಣದ ಹೆಸರನ್ನು ಇಡೀ ದೇಶ ಕೇಳಿದ್ದು 2024ರ ಏಪ್ರಿಲ್‌ನಲ್ಲಿ. 3ರ ಸಂಜೆ ಕೊಳವೆ ಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ಬಳಿಕ ಮರುದಿನ ಮಧ್ಯಾಹ್ನ ಜೀವಂತವಾಗಿ ಮೇಲೆತ್ತಲಾಯಿತು. ಒಳಗಿಳಿಸಿದ ಕ್ಯಾಮೆರಾದಲ್ಲಿ ಮಗುವಿನ ಕಾಲು ಅಲುಗಾಡಿದ್ದು ಕಂಡಾಗ ಎಲ್ಲರಿಗೂ ಭರವಸೆ ಬಂದಿತ್ತು. ಅಲ್ಲಿ ಜೀವದ ಕುರುಹು ಪರದೆಯ ಮೇಲೆ ಕಂಡಿತು. ನಾನಿಂದು ಮಾತನಾಡಬೇಕಾಗಿರುವ ಸಂಕಟ ಯಾವ ಪರದೆಯ ಮೇಲೂ ಕಾಣುವುದಿಲ್ಲ. ಆದ್ದರಿಂದಲೇ ಅದನ್ನು ಯಾರೂ ನಂಬುವುದಿಲ್ಲ.

ನನ್ನ ಸೊಂಟದಲ್ಲಿ ನಾಲ್ಕು ತಿರುಪುಗಳೂ ಎರಡು ಸರಳುಗಳೂ ಇವೆ. ಆರು ವರ್ಷಗಳಾದವು. ಎಕ್ಸ್‌ರೇ ನೋಡಿದ ವೈದ್ಯರೆಲ್ಲರೂ ಎಲ್ಲವೂ ಸರಿಯಾಗಿದೆ ಎಂದೇ ಹೇಳುತ್ತಾರೆ. ಸರಿಯಾಗಿರುವುದು ನಿಜ. ನೋವಿರುವುದೂ ನಿಜ. ಈ ಎರಡು ನಿಜಗಳು ಒಂದೇ ಶರೀರದಲ್ಲಿ ಜತೆಯಾಗಿ ಹೇಗಿರುತ್ತವೆ ಎಂಬುದನ್ನು ಯಾರೂ ನಮಗೆ ವಿವರಿಸುವುದಿಲ್ಲ.

ಬೆನ್ನುಮೂಳೆಗೆ ಲೋಹದ ಸರಳು ಅಳವಡಿಸುವ ವಿದ್ಯೆ ಹೊಸತೇನಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು ಪೋಲಿಯೊದಿಂದ ಬೆನ್ನು ಡೊಂಕಾದ ಮಕ್ಕಳಿಗಾಗಿ ಇದನ್ನು ರೂಪಿಸಿ 1962ರಲ್ಲಿ ಪ್ರಕಟಿಸಿದರು. ಇಂದಿನ ಟೈಟಾನಿಯಂ ತಿರುಪುಗಳು ಅದಕ್ಕಿಂತ ಬಹಳ ಸುಧಾರಿಸಿವೆ. ಆದರೆ ಅವುಗಳ ಕೆಲಸವೇನು? ಮುರಿದ ಅಥವಾ ಜಾರಿದ ಎರಡು ಮೂಳೆಗಳು ಒಂದಾಗಿ ಬೆಸೆದುಕೊಳ್ಳುವ ತನಕ ಅಲುಗಾಡದಂತೆ ಹಿಡಿದಿಡುವುದು. ಆ ಬೆಸುಗೆಗೆ ಆರು ತಿಂಗಳಿನಿಂದ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಅದು ಆಗದೆಯೇ ಹೋಗುವ ಸಂಭವ ಹೆಚ್ಚು. ತಿರುಪಿಗೆ ನೋವಿನ ಪರಿಚಯವೇ ಇಲ್ಲ. ನೋವನ್ನು ಒಯ್ಯುವುದು ನರ. ವರ್ಷಗಟ್ಟಲೆ ಅದುಮಲ್ಪಟ್ಟ ನರವು ಒತ್ತಡ ಸರಿದ ಮಾತ್ರಕ್ಕೆ ಮೊದಲಿನಂತಾಗಬೇಕೆಂದಿಲ್ಲ. ಗಾಯ ಮಾಯುವಾಗ ಬೆಳೆದ ಅಂಗಾಂಶ ಅದನ್ನು ಸುತ್ತಿಕೊಳ್ಳಬಹುದು. ಬೆಸೆದ ಭಾಗ ಬಾಗದಿರುವುದರಿಂದ ಅದರ ಮೇಲಿನ, ಕೆಳಗಿನ ಕೀಲುಗಳ ಮೇಲೆ ಭಾರ ಹೆಚ್ಚಬಹುದು. ತಿರುಪು ಸಡಿಲಾಗಲೂಬಹುದು.

ಇದಾವುದೂ ಇಲ್ಲದಿದ್ದರೂ ನೋವು ಉಳಿಯುವುದುಂಟು. ಫಸಲು ಕಾಯುವವನನ್ನು ನೆನಪಿಸಿಕೊಳ್ಳಿ. ನಾಲ್ಕು ಸಲ ಹಂದಿ ನುಗ್ಗಿದ ಹೊಲದಲ್ಲಿ ಐದನೆಯ ರಾತ್ರಿ ಜೋಳದ ಗರಿ ಅಲುಗಿದರೂ ಅವನು ಕೂಗಿಕೊಳ್ಳುತ್ತಾನೆ. ಅವನ ಕೂಗು ಸುಳ್ಳಲ್ಲ, ಹಂದಿ ಬಂದಿರುವುದಿಲ್ಲ ಅಷ್ಟೆ. ದೀರ್ಘಕಾಲ ನೋವುಂಡ ನರಮಂಡಲವೂ ಹೀಗೆಯೇ ಅತಿ ಜಾಗರೂಕವಾಗುತ್ತದೆ.

ಬೆನ್ನಿನ ಶಸ್ತ್ರಚಿಕಿತ್ಸೆಯ ಬಳಿಕವೂ ನೋವು ಉಳಿಯುವವರು ನೂರಕ್ಕೆ 10ರಿಂದ 40 ಮಂದಿ ಎಂಬ ಅಂದಾಜನ್ನು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಇದನ್ನು ಬಹುಕಾಲ 'ವಿಫಲ ಶಸ್ತ್ರಚಿಕಿತ್ಸೆ' ಎಂದು ಕರೆಯುತ್ತಿದ್ದರು. ವೈದ್ಯರಿಗೆ ಅವಮಾನ, ರೋಗಿಗೆ ನಿರಾಶೆ, ಹೀಗೆ ಆ ಹೆಸರಿನಿಂದ ಯಾರಿಗೂ ಪ್ರಯೋಜನವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಹೊಸ ವರ್ಗೀಕರಣವು, ಶಸ್ತ್ರಚಿಕಿತ್ಸೆಯ ಮೂರು ತಿಂಗಳ ನಂತರವೂ ಉಳಿಯುವ ನೋವಿಗೆ ಪ್ರತ್ಯೇಕ ಸ್ಥಾನ ನೀಡಿದೆ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಒಬ್ಬ ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕೆಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಿತು. ವಿಜ್ಞಾನ ಇಲ್ಲಿಯವರೆಗೆ ಬಂದಿದೆ. ನಮ್ಮ ಮನೆಗಳು ಎಲ್ಲಿವೆ?

"ಆಪರೇಶನ್ ಆಗಿ ವರ್ಷಾತು, ಇನ್ನೂ ಏನ್ ನೋವು?" ಈ ಮಾತನ್ನು ಗಂಡಸರೂ ಕೇಳುತ್ತಾರೆ. ಆದರೆ ಅದರ ಪೂರ್ಣ ಭಾರ ಬೀಳುವುದು ಹೆಣ್ಣಿನ ಮೇಲೆ. ಒಲೆಯ ಮುಂದೆ ನೆಲದ ಮೇಲೆ ಕುಳಿತು ರೊಟ್ಟಿ ಬಡಿಯಲಾಗದ, ತುಂಬಿದ ಕೊಡ ಎತ್ತಲಾಗದ ಸೊಸೆಗೆ ಸಿಗುವ ಬಿರುದು 'ನಾಟಕದಾಕಿ'. ಅಡುಗೆ ಕಟ್ಟೆಯನ್ನು ಎತ್ತರಿಸಲು ಬೇಕಾಗುವುದು ನಾಲ್ಕು ಸಾಲು ಇಟ್ಟಿಗೆ. ಸಾಲ ಮಾಡಿ ಲಕ್ಷಾಂತರ ರೂಪಾಯಿ ಶಸ್ತ್ರಚಿಕಿತ್ಸೆಗೆ ಸುರಿಯುವ ಮನೆಗಳು ಆ ಇಟ್ಟಿಗೆಗೆ ಹಿಂದೆಮುಂದೆ ನೋಡುತ್ತವೆ. ಇದು ಬಡತನದ ಪ್ರಶ್ನೆಯಲ್ಲ.

ನಮ್ಮಲ್ಲಿ ಇನ್ನೊಂದು ಮಾತಿದೆ: ಸಹನೆ ವಹಿಸಿ. ಒಳ್ಳೆಯ ಮಾತು. ಆದರೆ ಸಹನೆಯ ಅರ್ಥ ಬಾಯಿ ಮುಚ್ಚಿಕೊಂಡಿರುವುದು ಎಂದು ನಮಗೆ ಕಲಿಸಿದವರು ಯಾರು? ಸಹನೆಗೆ ಮಾದರಿಯಾದ ಪ್ರವಾದಿ ಅಯ್ಯೂಬ್(ಅ)ರು ತಮಗೆ ಸಂಕಟ ತಟ್ಟಿದೆಯೆಂದು ಪ್ರಭುವಿನಲ್ಲಿ ಮೊರೆಯಿಟ್ಟವರು. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿಯವರು(ಸ) ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ನಿರ್ವಹಿಸಲು ಅನುಮತಿ ನೀಡಿದರು. ಹೀಗಿರುವಾಗ ಮಸೀದಿಯ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡ ಯುವಕನನ್ನು ಕೆಕ್ಕರಿಸಿ ನೋಡುವ ಹಕ್ಕು ನಮಗೆಲ್ಲಿಂದ ಬಂತು?

ಸರಕಾರದ ಬಗ್ಗೆಯೂ ಎರಡು ಮಾತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗಳ ತನಕದ ಚಿಕಿತ್ಸೆಯ ವ್ಯವಸ್ಥೆ ಮಾಡಿತು. ಅನೇಕರು ಬದುಕಿಕೊಂಡರು, ಅದನ್ನು ಅಲ್ಲಗಳೆಯಲಾಗದು. ಆದರೆ ಇಂತಹ ಯೋಜನೆಗಳ ಕಣ್ಣಿರುವುದು ಆಸ್ಪತ್ರೆಯ ಹಾಸಿಗೆಯ ಮೇಲೆ. ಮನೆಗೆ ಮರಳಿದ ಮೇಲೆ ತಿಂಗಳುಗಟ್ಟಲೆ ಬೇಕಾಗುವ ವ್ಯಾಯಾಮ ಚಿಕಿತ್ಸೆ, ನರದ ಮಾತ್ರೆ, ಸೋಲಾಪುರಕ್ಕೋ ವಿಜಯಪುರಕ್ಕೋ ಓಡಾಡುವ ಖರ್ಚು ರೋಗಿಯ ಹೆಗಲಿಗೇ ಬೀಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ದೀರ್ಘಕಾಲೀನ ನೋವು ಅದರಲ್ಲಿ ಪ್ರತ್ಯೇಕ ಬಗೆಯಾಗಿ ಇಲ್ಲ. ಕಬ್ಬಿನ ಹೊರೆ ಹೊತ್ತೇ ಬೆನ್ನು ಕಳೆದುಕೊಂಡ ಕೂಲಿಯವನು ಯಾವ ಕಚೇರಿಯ ಮುಂದೆ ನಿಲ್ಲಬೇಕು?

ನೋವಿನೊಡನೆ ಬದುಕುತ್ತಿರುವವರಿಗೆ ನನ್ನ ಅನುಭವದ ಕೆಲವು ಮಾತು. ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಮಾಡಿ ಮುಗಿಸಿ ಮೂರು ದಿನ ಮಲಗುವವರೇ ನಮ್ಮಲ್ಲಿ ಹೆಚ್ಚು. ಒಳ್ಳೆಯ ದಿನವಾಗಲಿ ಕೆಟ್ಟ ದಿನವಾಗಲಿ, ಅಳತೆಯಿಟ್ಟು ಸ್ವಲ್ಪ ಸ್ವಲ್ಪವೇ ನಡೆಯುವುದರಿಂದ ನನಗೆ ಹೆಚ್ಚು ಗುಣ ಸಿಕ್ಕಿದೆ. ಔಷಧದ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವುನಿವಾರಕ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡವನ್ನು ಕೆಡಿಸಬಲ್ಲವು. ನರದ ನೋವಿಗೆ ವೈದ್ಯರು ಕೆಲವೊಮ್ಮೆ ಖಿನ್ನತೆಗೆ ಅಥವಾ ಅಪಸ್ಮಾರಕ್ಕೆ ಕೊಡುವ ಮಾತ್ರೆಗಳನ್ನೇ ಬರೆಯುತ್ತಾರೆ. ತನ್ನನ್ನು ಹುಚ್ಚನೆಂದು ತಿಳಿದರೆಂದು ಚೀಟಿ ಹರಿದೆಸೆದವರನ್ನು ಬಲ್ಲೆ. ಆ ಮಾತ್ರೆಗಳು ನರದ ಅತಿ ಜಾಗರೂಕತೆಯನ್ನು ತಗ್ಗಿಸುತ್ತವೆ, ಅದಕ್ಕಾಗಿಯೇ ಕೊಡುತ್ತಾರೆ. ಅವುಗಳನ್ನು ತಾವಾಗಿಯೇ ಹಠಾತ್ತನೆ ನಿಲ್ಲಿಸಲೂ ಬಾರದು.

ಕೆಲವು ಲಕ್ಷಣಗಳನ್ನು ಮಾತ್ರ ಒಂದು ದಿನವೂ ಸಹಿಸಕೂಡದು. ಮಲಮೂತ್ರದ ಹತೋಟಿ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ, ಕಾಲಿನ ಬಲ ಕುಗ್ಗುತ್ತಾ ಹೋದರೆ, ಜ್ವರದೊಂದಿಗೆ ಗಾಯದಲ್ಲಿ ಕೀವು ಕಂಡರೆ ಆ ಕೂಡಲೇ ಆಸ್ಪತ್ರೆ ಸೇರಬೇಕು.

ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ, ನೋವಿನ ಕಾರಣವಾಗಿ ನಿಖರವಾಗಿ ಏನು ಕಂಡಿದೆ ಎಂದು ಕೇಳಿ. ಉತ್ತರ ಅಸ್ಪಷ್ಟವಾಗಿದ್ದರೆ ಇನ್ನೊಬ್ಬ ತಜ್ಞರನ್ನು ಕಾಣಿ. ಹೋಗುವಾಗ ಮೊದಲ ಆಸ್ಪತ್ರೆಯ ಬಿಡುಗಡೆ ಪತ್ರವನ್ನೂ ಅಳವಡಿಸಿದ ಉಪಕರಣದ ಚೀಟಿಯನ್ನೂ ಒಯ್ಯಿರಿ. ಒಂದು ಕಂಪೆನಿಯ ತಿರುಪು ಬಿಚ್ಚುವ ಉಪಕರಣ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಆ ಕಾಗದವನ್ನು ಜಮೀನಿನ ಉತಾರೆಯ ಜತೆಗೇ ಪೆಟ್ಟಿಗೆಯಲ್ಲಿಡಿ.