ಕಲೆ ಉಳ್ಳವರ ಸೊತ್ತಲ್ಲ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡಿನ ಗತವೈಭವವನ್ನು ಕೊಂಡಾಡುವುದು ವಾಡಿಕೆ. ಇಂದು ಅದನ್ನು ಬದಿಗಿಟ್ಟು, ನಮ್ಮ ಕಾಲದಲ್ಲಿಯೇ ಒಂದು ಹಳ್ಳಿ ಮಾಡಿ ತೋರಿಸಿದ ಕೆಲಸವನ್ನು ತಮ್ಮ ಮುಂದಿಡಬಯಸುತ್ತೇನೆ. ಅದರಲ್ಲಿ ನಮ್ಮ ಪುಣೆಗೂ ಒಂದು ಪಾಲುಂಟು.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಹೆಗ್ಗೋಡು ಎಂಬ ಸಣ್ಣ ಊರು. 1949ರಲ್ಲಿ ಅಲ್ಲಿಯ ನಾಟಕಪ್ರಿಯರು ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ಇಂದು ನಾವೆಲ್ಲ ನೀನಾಸಂ ಎನ್ನುವುದು ಅದನ್ನೇ. ಮೈಸೂರಿನಲ್ಲಿ ಓದಿ, ಊರಿಗೆ ಮರಳಿ ಅಡಕೆ ತೋಟ ನೋಡಿಕೊಂಡಿದ್ದ ಕೆ. ವಿ. ಸುಬ್ಬಣ್ಣನವರು ಅದರ ಜೀವಾಳ. 1973ರಲ್ಲಿ ಅಲ್ಲಿ ಚಿತ್ರಸಮಾಜವೊಂದು ಆರಂಭವಾಯಿತು. ಹಳ್ಳಿಗೆ ಒಳ್ಳೆಯ ಚಿತ್ರಗಳು ಎಲ್ಲಿಂದ ಬರಬೇಕು? 1964ರಲ್ಲಿ ಈ ನಮ್ಮ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ. ಕೆ. ನಾಯರ್ ಅವರು ಕಳುಹಿಸಿಕೊಟ್ಟರು. ಇಲ್ಲಿಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದ್ದೂರ್ ಅವರು ರಸಗ್ರಹಣ ಶಿಬಿರಗಳಿಗೆ ನೆರವಾದರು.

ಹಳ್ಳಿಗರಿಗೆ ಜಪಾನಿನ, ಇಟಲಿಯ ಚಿತ್ರ ತಿಳಿದೀತೇ ಎಂದು ಯಾರಾದರೂ ಕೇಳಬಹುದು. ಸುಬ್ಬಣ್ಣನವರು ಹಳ್ಳಿಗೆಂದು ನೀರು ಬೆರೆಸಿದ ಹಾಲನ್ನು ಕೊಡಲಿಲ್ಲ. ಅತ್ಯುತ್ತಮವಾದುದನ್ನೇ ಕೊಟ್ಟರು, ಜತೆಗೆ ಚಲನಚಿತ್ರವನ್ನು ಕುರಿತು ಕನ್ನಡದಲ್ಲಿ ಪುಸ್ತಕಗಳನ್ನೂ ಬರೆದರು. ನಾಯರ್ ಅವರನ್ನು ಕುರಿತ 2012ರ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ತಾವು ಹಿಂದೆ ಕಂಡ 'ರಾಶೊಮನ್', 'ಬೈಸಿಕಲ್ ಥೀವ್ಸ್' ಚಿತ್ರಗಳನ್ನು ನೆನೆದು ಮಾತನಾಡುತ್ತಾರೆ. ಸಂಶಯಕ್ಕೆ ಅದೇ ಉತ್ತರ.

ಒಂದು ದಿನದ ಜಾತ್ರೆಯಿಂದ ಇಂಥ ಫಲ ಬರುವುದಿಲ್ಲ. ಅಲ್ಲಿ 1980ರಲ್ಲಿ ನಾಟಕ ಶಾಲೆ ತೆರೆಯಿತು. 1985ರಲ್ಲಿ ಊರೂರಿಗೆ ನಾಟಕ ಒಯ್ಯುವ 'ತಿರುಗಾಟ' ಹೊರಟಿತು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸುಬ್ಬಣ್ಣನವರನ್ನು ಹುಡುಕಿಕೊಂಡು ಬಂದಿತು.

ಮತ್ತೊಂದು ಸಂಗತಿ. ಉತ್ತರ ಕನ್ನಡದ ಕಾಡಂಚಿನಲ್ಲಿ ಆಫ್ರಿಕ ಮೂಲದ ಸಿದ್ದಿ ಜನರಿದ್ದಾರೆ. 1980ರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆ ಅವರು ಆಫ್ರಿಕದ ಲೇಖಕ ಚಿನುವ ಅಚೆಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ಆಧರಿಸಿ ಸಿದ್ದಿಗಳಿಂದಲೇ ನಾಟಕವಾಡಿಸಿದರು. ಕಲಿಸಲು ಹೋದವರು ಕೊಟ್ಟದ್ದು ಕಥೆ. ಅದಕ್ಕೆ ಉಸಿರು ಕೊಟ್ಟವರು ಸಿದ್ದಿಗಳು. ಕಲಾಶಿಕ್ಷಣವೆಂದರೆ ಕೊಡುವುದಷ್ಟೇ ಅಲ್ಲ, ಪಡೆಯುವುದೂ ಹೌದು.

ಇನ್ನು ನಮ್ಮ ಮನೆಯ ಮಾತು. ಕಲಬುರಗಿ, ವಿಜಯಪುರ, ಯಾದಗಿರಿಗಳ ಕಡೆಯಿಂದ ದುಡಿಮೆಗಾಗಿ ಬಂದ ಕುಟುಂಬಗಳು ಈ ನಗರದ ಮಾಳಿಗೆಗಳನ್ನು ಕಟ್ಟುತ್ತಿವೆ. ಅವರೂ ನಮ್ಮಂತೆಯೇ ಪರಸ್ಥಳದ ಕನ್ನಡಿಗರು. ಆದರೆ ಈ ಸಭಾಂಗಣದ ಕುರ್ಚಿಗಳಲ್ಲಿ ಅವರೆಷ್ಟು ಜನರಿದ್ದಾರೆ? ಆ ತಾಯಂದಿರ ಕೊರಳಲ್ಲಿ ಬೀಸುವ ಪದ, ಸೋಬಾನೆ ಪದಗಳಿವೆ. ಕಟ್ಟಡ ಮುಗಿದೊಡನೆ ಗುಡಿಸಲು ಕಿತ್ತು ಹೊರಡುವ ಬಾಳಿನಲ್ಲಿ ಅವು ಮಕ್ಕಳಿಗೆ ದಾಟುವ ಮೊದಲೇ ಆರಿಹೋಗುವ ಭಯವಿದೆ. ಶಾಲೆ ತಪ್ಪಿದ ಮಗುವಿಗೆ ಕನ್ನಡದ ಅಕ್ಷರವೂ ಇಲ್ಲ, ಮರಾಠಿಯ ಅಕ್ಷರವೂ ಇಲ್ಲ. ಹಾಡೂ ಹೋದರೆ ಉಳಿಯುವುದೇನು?

ವರ್ಷಕ್ಕೊಮ್ಮೆ ಸಿಹಿ ಹಂಚಿ ಫೋಟೋ ತೆಗೆಸಿಕೊಂಡರೆ ಸಾಲದು. ಭಾನುವಾರಕ್ಕೆ ಎರಡು ಗಂಟೆ ಸಾಕು. ಹಾಡಬಲ್ಲವರು ಒಬ್ಬರು, ಚಿತ್ರ ಬರೆಯಬಲ್ಲವರು ಒಬ್ಬರು, ಕಥೆ ಹೇಳಬಲ್ಲವರು ಒಬ್ಬರು ಅವರಿದ್ದಲ್ಲಿಗೇ ಹೋಗೋಣ. ನಾಳೆ ಊರು ಬಿಡುವ ಮಗುವೂ ಕೊರಳಲ್ಲಿ ಕಟ್ಟಿಕೊಂಡು ಒಯ್ಯುವಂಥದನ್ನು ಕಲಿಸೋಣ. ಅಲ್ಲಿಯ ಅಜ್ಜಿಯೊಬ್ಬಳನ್ನು ಗುರುವಾಗಿ ಕೂರಿಸಿ ನಮ್ಮ ಮಕ್ಕಳಿಗೂ ಪದ ಹೇಳಿಸೋಣ.

ಮುಂದಿನ ನವೆಂಬರಿನಲ್ಲಿ ಆ ಮಕ್ಕಳು ಈ ರಂಗಮಂಚವನ್ನು ಹತ್ತಲಿ. ನಾವು ಕೆಳಗೆ ಕುಳಿತು ಕೇಳೋಣ. ಅಂದು ನಮ್ಮ ರಾಜ್ಯೋತ್ಸವಕ್ಕೆ ಕಳೆ ಕಟ್ಟೀತು. ಈ ಕೆಲಸಕ್ಕೆ ಹೆಸರು ಕೊಡುವವರು ಸಭೆ ಮುಗಿಯುವ ಮುನ್ನ ಕಾರ್ಯದರ್ಶಿಗಳನ್ನು ಕಾಣಬೇಕೆಂದು ಬೇಡಿ ನನ್ನ ಮಾತನ್ನು ಮುಗಿಸುತ್ತೇನೆ.