ಇಳಿಯುವುದೋ, ತಿರುಗುವುದೋ

ಬೆಳಿಗ್ಗೆ ಒಂಬತ್ತೂ ಕಾಲಿಗೆ ಷೇರುಪೇಟೆ ತೆರೆಯುತ್ತದೆ. ಮಣಿಪಾಲದ ಹಾಸ್ಟೆಲಿನಲ್ಲೋ ಕಾರ್ಕಳದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆಯೋ ಕೂತ ಯುವಕ ಅವತ್ತೇ ಮಾರುವ ಲೆಕ್ಕದಲ್ಲಿ ಫೋನಿನಲ್ಲೇ ನೂರು ಷೇರು ಕೊಳ್ಳುತ್ತಾನೆ. ಬೆಲೆ ಜಾರುತ್ತದೆ. ಈಗ ನೂರು ಮಾರಿದರೆ ಅವನು ಹೊರಗೆ. ಇನ್ನೂರು ಮಾರಿದರೆ, ಅಂದರೆ ಕೈಯಲ್ಲಿಲ್ಲದ ನೂರನ್ನೂ ಮಾರಿದರೆ, ಪಕ್ಷವೇ ಬದಲು, ಇನ್ನು ಬೆಲೆ ಇಳಿದಷ್ಟೂ ಲಾಭ. ಒತ್ತುವ ಗುಂಡಿ ಒಂದೇ. ಆದರೆ ಎಣಿಕೆ ತಪ್ಪಿತೆಂದಾದರೆ ಹೊರಬಂದರೆ ಸಾಕು. ತಿರುಗಿ ನಿಲ್ಲಲು ಬೇರೆಯದೇ ಕಾರಣ ಬೇಕು: ಬೆಲೆ ಇಳಿಯದೆ ನಿಲ್ಲುತ್ತಿದ್ದ ಬೆಂಬಲದ ಮಟ್ಟ ಮುರಿದಿರಬೇಕು, ಮಾರುವವರ ಭರಾಟೆ ವಹಿವಾಟಿನ ಪ್ರಮಾಣದಲ್ಲೂ ಕಾಣಬೇಕು. ಆ ಮಟ್ಟ ಯಾವುದೆಂದು ಕೊಳ್ಳುವ ಮೊದಲೇ ಬರೆದಿಟ್ಟಿರಬೇಕು. ಕಳೆದದ್ದನ್ನು ಇವತ್ತೇ ವಸೂಲು ಮಾಡುವ ಸಿಟ್ಟಿನಲ್ಲಿ ತಿರುಗಿದವನು ಎರಡೂ ಕಡೆ ಪೆಟ್ಟು ತಿನ್ನುತ್ತಾನೆ.

2022-23ರಲ್ಲಿ ಹೀಗೆ ದಿನದ ವಹಿವಾಟು ನಡೆಸಿದ ಹತ್ತರಲ್ಲಿ ಏಳು ಮಂದಿ ಹಣ ಕಳೆದುಕೊಂಡರೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಯನ ಹೇಳಿತು. ಮೂವತ್ತರೊಳಗಿನವರಲ್ಲಿ ಸೋತವರು ಇನ್ನೂ ಹೆಚ್ಚು. 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಠೇವಣಿ ಕೂಡಿಸಲು ಕಲಿಸಿದ ಉಡುಪಿಯ ನೆಲದಲ್ಲಿ ನಿಂತು ಇದನ್ನು ಓದಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೊಂದು ಮಾತು. ಮೂರೂವರೆಗೆ ಪೇಟೆ ಮುಚ್ಚುವ ಮೊದಲೇ ಬ್ರೋಕರ್ ಸಂಸ್ಥೆಗಳು ದಿನದ ವಹಿವಾಟನ್ನು ತಾವೇ ಚುಕ್ತಾ ಮಾಡುತ್ತವೆ. ಮಧ್ಯಾಹ್ನ ಮೂರು ದಾಟಿದ ಮೇಲೆ ತಿರುಗಿ ನಿಂತರೆ ಅದು ಫಲಿಸಲು ಹೊತ್ತೇ ಉಳಿದಿರುವುದಿಲ್ಲ.