‘ಈಗ’ ಎಂಬುದರ ಅಗಲ



ಹಾಡು ಕೇಳುವಾಗ ಒಂದು ಕ್ಷಣಕ್ಕೆ ಕಿವಿಗೆ ಬೀಳುವುದು ಒಂದೇ ಸ್ವರ. ಮುಂದಿನದು ಬರುವಷ್ಟರಲ್ಲಿ ಅದು ಹೋಗಿರುತ್ತದೆ. ಹಾಗಿದ್ದರೂ ನಮಗೆ ಬಿಡಿ ಸ್ವರಗಳಲ್ಲ, ಹಾಡೇ ಕೇಳಿಸುತ್ತದಲ್ಲ, ಅದು ಹೇಗೆ? 1905ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ತತ್ತ್ವಜ್ಞಾನಿ ಎಡ್ಮಂಡ್ ಹುಸರ್ಲ್ ಕಾಲಪ್ರಜ್ಞೆಯ ಬಗ್ಗೆ ಪಾಠ ಮಾಡುತ್ತ ಕೈಗೆತ್ತಿಕೊಂಡ ಪ್ರಶ್ನೆ ಇದು. ಅನುಭವವನ್ನೇ ವಿವರಿಸಹೊರಟ ಅವರ ತತ್ತ್ವಶಾಸ್ತ್ರವಾದ ಫಿನಾಮಿನಾಲಜಿಯ ಒಳಗೆ ಹೋಗಲು ನಾನು ಹಿಡಿಯುವ ದಾರಿಯೂ ಇದೇ.

ಹುಸರ್ಲ್ ಗಣಿತ ಓದಿದವರು. ವಿಯೆನ್ನಾದಲ್ಲಿ ಬ್ರೆಂಟಾನೊ ಎಂಬ ತತ್ತ್ವಜ್ಞಾನಿಯ ಪಾಠ ಕೇಳಿ ತತ್ತ್ವಶಾಸ್ತ್ರಕ್ಕೆ ಹೊರಳಿದರು. ಅರಿವು ಯಾವಾಗಲೂ ಯಾವುದೋ ಒಂದರ ಅರಿವು ಎಂಬ ವಿಚಾರ ಅವರಿಗೆ ಬಂದದ್ದು ಆ ಗುರುವಿನಿಂದ. ಅದಕ್ಕೆ ಹುಸರ್ಲ್ ಕಠಿಣವಾದ ಒಂದು ಶಿಸ್ತನ್ನು ಸೇರಿಸಿದರು. ಹೊರಗಿನ ವಸ್ತು ನಿಜವಾಗಿ ಇದೆಯೇ, ಕಿವಿಯ ನರಗಳು ಏನು ಮಾಡುತ್ತಿವೆ ಎಂಬುದನ್ನೆಲ್ಲ ಸದ್ಯಕ್ಕೆ ಬದಿಗಿಟ್ಟು, ಅನುಭವ ಒದಗಿದ ಹಾಗೆಯೇ ಅದನ್ನು ವಿವರಿಸಬೇಕು. ಜಗತ್ತೇ ಇಲ್ಲ ಎಂದು ಅವರು ಹೇಳುತ್ತಿಲ್ಲ; ಆ ತೀರ್ಪನ್ನು ತಡೆಹಿಡಿಯುತ್ತಿದ್ದಾರೆ, ಅಷ್ಟೆ.

ಹಾಗೆ ನೋಡಿದಾಗ ‘ಈಗ’ ಎಂಬುದು ಬರೀ ಚುಕ್ಕೆಯಲ್ಲ, ಅದಕ್ಕೆ ಅಗಲವಿದೆ. ನಮ್ಮ ಮಾತಿನಲ್ಲೇ ಪರೀಕ್ಷಿಸಿ. ‘ನಿನ್ನೆ ಮನೆಗೆ ಬಂದಿದ್ದ ನಿಮ್ಮ ತಮ್ಮ ಊಟ ಮಾಡದೆ...’ ಎಂದು ನಾನು ನಿಲ್ಲಿಸಿದರೆ ನಿಮ್ಮ ಮನಸ್ಸು ಕ್ರಿಯಾಪದಕ್ಕಾಗಿ ಕಾಯುತ್ತದೆ. ಹೋದನೋ, ಮಲಗಿದನೋ? ‘ತಮ್ಮ’ ಎಂಬ ಪದದ ಸದ್ದು ಅಡಗಿದೆ, ಆದರೂ ಅದು ನಿಮ್ಮ ಹಿಡಿತದಲ್ಲೇ ಇದೆ. ಇದು ನೆನಪಲ್ಲ. ಹುಸರ್ಲ್ ಪಟ್ಟು ಹಿಡಿಯುವುದು ಇಲ್ಲಿಯೇ. ಕಳೆದ ವರ್ಷದ ಸಂಗೀತ ಕಚೇರಿಯನ್ನು ನೆನೆಯುವಾಗ ಅದನ್ನು ಮತ್ತೆ ಕರೆತರುತ್ತೇವೆ. ಈಗಷ್ಟೇ ಜಾರಿದ ಸ್ವರವನ್ನು ಕರೆತರಬೇಕಿಲ್ಲ, ಅದಿನ್ನೂ ಪೂರ್ತಿ ಬಿಟ್ಟುಹೋಗಿಲ್ಲ. ಹಿಂದಿನದರ ಈ ಹಿಡಿತ, ಮುಂದಿನದರ ನಿರೀಕ್ಷೆ, ನಡುವೆ ಹೊಸ ಸ್ವರ, ಈ ಮೂರೂ ಸೇರಿಯೇ ಕೇಳುವಿಕೆ. ಆದ್ದರಿಂದಲೇ ಅಪಸ್ವರ ಬಿದ್ದೊಡನೆ ಬೆಚ್ಚುತ್ತೇವೆ. ಏನನ್ನೂ ನಿರೀಕ್ಷಿಸದವರಿಗೆ ಅಪಸ್ವರವೇ ಇರುವುದಿಲ್ಲ.

ಆದರೆ ಈ ಹರಿವನ್ನು ಅರಿಯುವ ಅರಿವು ತಾನೂ ಹರಿಯುತ್ತದೆಯೇ? ಹರಿಯುವುದಾದರೆ ಅದನ್ನು ಅರಿಯಲು ಇನ್ನೊಂದು ಅರಿವು ಬೇಕೇ? ಹುಸರ್ಲ್ ಈ ತೊಡಕಿಗೆ 1917ರಲ್ಲಿ ಮರಳಿದರು, ಮುಪ್ಪಿನಲ್ಲಿ ಮತ್ತೆ ಮರಳಿದರು. ಹುಟ್ಟಿನಿಂದ ಯಹೂದಿ ಎಂಬ ಕಾರಣಕ್ಕೆ ನಾಜಿ ಆಡಳಿತ ಅವರನ್ನು ವಿಶ್ವವಿದ್ಯಾಲಯದಿಂದ ಹೊರಗಿಟ್ಟ ವರ್ಷಗಳಲ್ಲೂ ಬರವಣಿಗೆ ನಿಲ್ಲಲಿಲ್ಲ. 1938ರಲ್ಲಿ ಅವರು ತೀರಿಕೊಂಡಾಗ ಸುಮಾರು 40,000 ಪುಟ ಶೀಘ್ರಲಿಪಿಯ ಹಸ್ತಪ್ರತಿ ಉಳಿದಿತ್ತು. ವಾನ್ ಬ್ರೆಡಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಅದನ್ನು ಬೆಲ್ಜಿಯಂನ ಲೂವೆನ್‌ಗೆ ಸಾಗಿಸಿ ಉಳಿಸಿದರು. ಕಾಲದ ಕುರಿತ ಆ ಬಿಡಿ ಬರಹಗಳನ್ನು ಇಂದು ನಾವು ಓದುವಂತಾದದ್ದು ಹಾಗೆ.